ಹೆಣ್ಣುಮಕ್ಕಳ ಪಾವಟಿಗೆಯ ನೀರು

ಮಾಳಮಡ್ಡಿಯ ಕುಮಾರಸ್ವಾಮಿ ಸಂಕೋಚದ ಮನುಷ್ಯ. ಹೆಂಗಸರಿದ್ದ ಕಡೆ ತಲೆ ಎತ್ತಬಾರದೆಂದು ತಾಯಿ ಕಲಿಸಿದ್ದಳು. ನೌಕರಿಯಲ್ಲೂ ಅದನ್ನೇ ಪಾಲಿಸಿದ. ಕೆರೆಗಳ ನೀರನ್ನು ಬಾಟಲಿಯಲ್ಲಿ ತುಂಬಿ ಪ್ರಯೋಗಾಲಯಕ್ಕೆ ತರುವುದು ಅವನ ನೌಕರಿ. ಆ ನೀರು ಸ್ನಾನಕ್ಕೆ ಯೋಗ್ಯವೋ ಅಲ್ಲವೋ ಎಂದು ಅಲ್ಲಿ ನೋಡುತ್ತಿದ್ದರು.

ಮುಗದದ ಆಚೆಯ ಒಂದು ಊರಿನ ಕೆರೆಗೆ ನೀರಿಗಿಳಿಯಲು ಎರಡು ಕಡೆ ಪಾವಟಿಗೆ. ಹಳ್ಳದ ಹೊಸ ನೀರು ಬಂದು ಸೇರುವಲ್ಲಿ ಗಂಡಸರು, ಊರಿನ ಮಗ್ಗುಲಿಗೆ ಹೆಣ್ಣುಮಕ್ಕಳು. ಜನ ಹೆಚ್ಚು ಮೀಯುವ ಜಾಗದ ನೀರನ್ನೇ ತೆಗೆಯಬೇಕೆಂಬುದು ನಿಯಮ. ಹೆಚ್ಚು ಮೀಯುವವರು ಹೆಣ್ಣುಮಕ್ಕಳು. ಹೊದೆಯುವ ಕೌದಿ ಒಗೆದು, ಅಲ್ಲೇ ಮೈ ತೊಳೆದುಕೊಂಡು ಮನೆಗೆ ಹೋಗುವುದು ಅಲ್ಲಿಯ ರೂಢಿ. ಕುಮಾರಸ್ವಾಮಿ ಮಾತ್ರ ವರ್ಷಗಟ್ಟಲೆ ಗಂಡಸರ ಪಾವಟಿಗೆಯಲ್ಲೇ ಬಾಟಲಿ ತುಂಬಿದ. ವರದಿ ಪ್ರತಿ ಸಲವೂ ಒಳ್ಳೆಯದೇ ಬಂತು. ನೀರು ಸ್ನಾನಕ್ಕೆ ಯೋಗ್ಯವೆಂಬ ಬೋರ್ಡು ದಂಡೆಯ ಮೇಲೆ ನಿಂತಿತು.

ಒಂದು ಮುಂಜಾನೆ ರೆಹಮತ್‌ಬಿ ಅವನನ್ನು ತಡೆದಳು. ಊರವರ ಕೌದಿ ಒಗೆದುಕೊಟ್ಟು ಬದುಕುವ ಮುದುಕಿ. ಮೊಮ್ಮಗಳು ಶಾಹೀನಳ ತೋಳನ್ನು ಮುಂದೆ ಹಿಡಿದಳು. ಮೊಣಕೈಯಿಂದ ಕೆಳಗೆ ಕೀವು ತುಂಬಿದ ಹುಣ್ಣು.

"ನಿಮ್ಮ ಬೋರ್ಡು ನೀರು ಛಲೋ ಐತಿ ಅಂತೈತಿ. ಇದೇನ್ರಿ ಸಾಹೇಬ್ರ?"

"ಪರೀಕ್ಷಾದಾಗ ಹಂಗ ಬಂದೈತ್ರಿ ಅಮ್ಮಾರ."

"ಯಾವ ಕಡಿ ನೀರಿನ ಪರೀಕ್ಷಾ? ನಮ್ಮ ಪಾವಟಿಗಿಗೆ ಊರ ಗಟಾರ ಬಂದು ಬೀಳಾಕತ್ತೈತಿ. ಒಮ್ಮಿಯರ ಬಂದು ನೋಡೀರೇನು?"

ಕುಮಾರಸ್ವಾಮಿ ನೆಲ ನೋಡಿದ. "ಹೆಣ್ಮಕ್ಕಳು ಜಳಕಾ ಮಾಡೂ ಜಾಗಾ. ನಾ ಹೆಂಗ ಬರಲ್ರಿ?"

"ದಂಡಿ ಮ್ಯಾಲೆ ನಿಂತು ಒಂದು ಕೂಗು ಹಾಕ್ರಿ, ನಾವು ಸೀರಿ ಸುತ್ಕೊಂಡು ಏಳತೇವಿ. ನಾಚಿಕಿ ನಿಮಗ, ಹುಣ್ಣು ನಮಗ. ಛಲೋ ಹಂಚಿಕೊಂಡೇವಿ."

ಹಿಂದಿದ್ದ ಹೆಂಗಸರು ಕಿಸಕ್ಕನೆ ನಕ್ಕರು. ಅವನು ಹೆಣ್ಣುಮಕ್ಕಳ ಕಡೆಯ ದಂಡೆಗೆ ಹೋಗಿ ಕೂಗು ಹಾಕಿದ. ನೀರಿನಲ್ಲಿದ್ದವರು ಎದ್ದುಹೋದ ಮೇಲೆ ಇಳಿದು ಬಾಟಲಿ ತುಂಬಿದ.

ಆ ಬಾಟಲಿಯ ನೀರಿನಲ್ಲಿ ಮಲದ ರೋಗಾಣುಗಳು ಮಿತಿಯನ್ನು ಎಷ್ಟೋ ಮೀರಿದ್ದವು. ಸ್ನಾನ ನಿಲ್ಲಿಸಬೇಕೆಂದು ಆದೇಶವಾಯಿತು. ಹೆಣ್ಣುಮಕ್ಕಳ ಪಾವಟಿಗೆಗೆ ಮುಳ್ಳುತಂತಿ ಬಿತ್ತು. ಗಂಡಸರ ಕಡೆ ಎಂದಿನಂತೆ ತೆರೆದೇ ಇತ್ತು.

ಮರುವಾರ ರೆಹಮತ್‌ಬಿ ತಂತಿಯ ಹೊರಗೆ ಕೌದಿಯ ಗಂಟಿನ ಮೇಲೆ ಕುಳಿತಿದ್ದಳು. "ಗಟಾರ ಬಂದ್ ಮಾಡಸ್ತೀರಿ ಅನಕೊಂಡಿದ್ದೆ," ಎಂದಳು. "ನಮ್ಮನ್ನ ಬಂದ್ ಮಾಡಿಸಿದ್ರಿ."

ಕುಮಾರಸ್ವಾಮಿ ಕಚೇರಿಗೆ ಮರಳಿ, ಕೆರೆಯ ನೀರೆಲ್ಲ ಒಂದೇ, ಮುಚ್ಚುವುದಾದರೆ ಎರಡೂ ಕಡೆ ಮುಚ್ಚಬೇಕು ಎಂದು ವಾದಿಸಿದ. ಹಿಂದಿನ ವರದಿಗಳೆಲ್ಲ ತಪ್ಪು ಜಾಗದ ನೀರಿನವು ಎಂದೂ ಒಪ್ಪಿಕೊಂಡ. ಮೇಲಿನವರ ಎದುರು ಅವನು ತಲೆ ಎತ್ತಿದ್ದು ಅದೇ ಮೊದಲು. ಕೈಗೆ ಬಂದಿದ್ದ ಬಡ್ತಿ ತಪ್ಪಿತು. ಗಂಡಸರ ಪಾವಟಿಗೆಗೂ ತಂತಿ ಬಿತ್ತು.

ಊರ ಗಂಡಸರು ಹೆಗಲ ಮೇಲೆ ಟವೆಲ್ಲು ಹಾಕಿಕೊಂಡು ತಂತಿಯ ಮುಂದೆ ನಿಂತು ಅವನನ್ನು ಬಾಯಿಗೆ ಬಂದಂತೆ ಬೈದರು. ಬೈದು ದಣಿದ ಮೇಲೆ ಪಂಚಾಯಿತಿಗೆ ಹೋಗಿ ಕುಳಿತರು. ಹೆಣ್ಣುಮಕ್ಕಳು ಎಷ್ಟು ಕೇಳಿದರೂ ತಿರುಗದ ಗಟಾರ ಆ ಬೇಸಿಗೆಯಲ್ಲೇ ಬೇರೆ ಕಡೆ ತಿರುಗಿತು. ಮಳೆಗಾಲ ಕಳೆದು ವರದಿ ಸರಿಬಂದ ಮೇಲೆ ಎರಡೂ ಕಡೆಯ ತಂತಿ ತೆಗೆದರು.

ಶಾಹೀನಳ ತೋಳಿನ ಕಲೆ ಹೋಗಿಲ್ಲ. ಕುಮಾರಸ್ವಾಮಿ ಈಗಲೂ ದಂಡೆಯ ಮೇಲೆ ನಿಂತು, ಮುಖ ಆಚೆ ತಿರುಗಿಸಿಕೊಂಡೇ, "ಬರ್ತೇನ್ರಿ" ಎಂದು ಕೂಗು ಹಾಕುತ್ತಾನೆ. ಮೊದಲ ಬಾಟಲಿ ತುಂಬುವುದು ಹೆಣ್ಣುಮಕ್ಕಳ ಪಾವಟಿಗೆಯಲ್ಲಿ.