ಟಿಎಸ್‌ಎಚ್ ಏರದ ಬೇಸಿಗೆ

ನೀವು ಇದನ್ನ ನಂಬಲಿಕ್ಕಿಲ್ಲ. ನಂಬದಿದ್ರೆ ನಂಗೇನೂ ಲುಕ್ಸಾನಿಲ್ಲ, ಮಾರಾಯ್ರೆ. ದಿಲ್ಲಿಯ ಕರೋಲ್ ಬಾಗ್‌ನಲ್ಲಿ ಹೋಟೆಲ್ ನಡೆಸ್ತಾ ಮುದುಕನಾದವನು ನಾನು, ಇಡೀ ಗಲ್ಲಿಗೆ ಟೋಪಿ ಹಾಕಿದವನು. ಅಂಥವನಿಗೇ ಒಬ್ಬರು ಟೋಪಿ ಹಾಕಿದ್ರು. ಅದೂ ಕ್ಯಾನ್ಸರ್ ಆದಾಗ.

ಹೋಟೆಲಲ್ಲಿ ಕೈ ತೊಳೆಯೋ ಜಾಗದ ಕನ್ನಡಿ ಮುಂದೆ ನೀರು ಕುಡೀತಿದ್ದೆ. ಕುತ್ತಿಗೆಯಲ್ಲಿ ಒಂದು ಗಂಟು ಮೇಲೆ ಹೋಯ್ತು, ಕೆಳಗೆ ಬಂತು. ಹಲಸಿನ ಬೀಜ ನುಂಗಿದ್ದೇನೆ ಅಂತ ಗಿರಾಕಿಗಳಿಗೆಲ್ಲ ತೋರಿಸಿ ನಗಿಸಿದೆ. ಮಗಳು ಶ್ವೇತಾ ನಗ್ಲಿಲ್ಲ. ಆಸ್ಪತ್ರೆಗೆ ಎಳ್ಕೊಂಡು ಹೋದ್ಳು.

ಥೈರಾಯ್ಡ್ ಕ್ಯಾನ್ಸರ್.

ಆಪರೇಷನ್ ಮಾಡಿ ಇಡೀ ಗ್ರಂಥಿ ತೆಗೆದ್ರು. ಬದಲಿಗೆ ದಿನಾ ಒಂದು ಹಾರ್ಮೋನ್ ಮಾತ್ರೆ. ಆಮೇಲೆ ಡಾಕ್ಟರಮ್ಮ ಅದನ್ನೂ ನಿಲ್ಲಿಸಿ ಅಂದ್ರು. ಅಳಿದುಳಿದ ಕ್ಯಾನ್ಸರ್ ಕೋಶಗಳ ಮೇಲೆ ರಿಸೆಪ್ಟರ್ ಅಂತ ಇರ್ತದಂತೆ, ಬಾಗಿಲಿನ ಬೆಲ್ ಇದ್ದ ಹಾಗೆ. ಮೈಯಲ್ಲಿ ಹಾರ್ಮೋನ್ ಖಾಲಿಯಾದ್ರೆ ಮೆದುಳಿನ ಕೆಳಗಿನ ಗ್ರಂಥಿ ಟಿಎಸ್‌ಎಚ್ ಅನ್ನೋ ಇನ್ನೊಂದು ಹಾರ್ಮೋನ್ ಕಳಿಸಿ ಆ ಬೆಲ್ ಒತ್ತೇ ಒತ್ತುತ್ತದೆ. ಆಗ ಕೋಶಗಳು ಬಾಗಿಲು ತೆಗೆದು ಅಯೋಡಿನ್ ಒಳಗೆ ಎಳ್ಕೊಳ್ತವೆ. ಅದೇ ಹೊತ್ತಿಗೆ ರೇಡಿಯೋಆಕ್ಟಿವ್ ಅಯೋಡಿನ್ ಕೊಟ್ರೆ ತಿಂದಲ್ಲೇ ಸಾಯ್ತವೆ. ಹಸಿದ ಗಿರಾಕಿಗೆ ವಿಷದ ಊಟ! ಹೋಟೆಲಿನವನಿಗೆ ತಕ್ಷಣ ಅರ್ಥ ಆಯ್ತು. ಅದಕ್ಕೇ ಅಯೋಡಿನ್ ಉಪ್ಪು ಬಂದ್, ಮೀನು ಬಂದ್, ಹಾಲೂ ಬಂದ್. ಹೆಂಡತಿ ಸುಮತಿ ಕಾಫಿ ಬದಲು ಕೊತ್ತಂಬರಿ ಜೀರಿಗೆ ಕಷಾಯ ಕೊಡ್ತಿದ್ಳು.

ಮಾತ್ರೆ ಇಲ್ಲದೆ ನಾನು ನಿಧಾನಕ್ಕೆ ಆರಿಹೋದೆ. ಇಡೀ ದಿಲ್ಲಿ ಸೆಕೆಯಲ್ಲಿ ಬೇಯ್ತಿದ್ರೆ ನಾನು ರಜಾಯಿ ಹೊದ್ದು ನಡುಗ್ತಿದ್ದೆ. ಮುಖ ಊದಿತು. ಜೋಕು ಬಾಯಿಗೆ ಬರುವಷ್ಟರಲ್ಲಿ ಕೇಳುವವರು ಎದ್ದು ಹೋಗಿರ್ತಿದ್ರು. ಕೊನೆಗೆ ಜೋಕೂ ಬರ್ಲಿಲ್ಲ. ಆಮೇಲೆ ಯಾಕೋ ಸ್ವಲ್ಪ ಚುರುಕಾದೆ. ನನ್ನ ಮೈಯೇ ಗಟ್ಟಿ ಅಂತ ಜಂಬ ಕೊಚ್ಕೊಂಡೆ.

ರಕ್ತದ ರಿಪೋರ್ಟ್ ಬಂತು. ಟಿಎಸ್‌ಎಚ್ ಏರಿರ್ಲಿಲ್ಲ.

ಬೆಲ್ ಒತ್ತದೆ ಬಾಗಿಲು ತೆಗೆಯುದಿಲ್ಲ. ಈಗ ಅಯೋಡಿನ್ ಕೊಟ್ರೆ ದಂಡ, ಕ್ಯಾನ್ಸರ್ ಒಳಗೇ ಉಳಿದೀತು. ಡಾಕ್ಟರಮ್ಮ ಟ್ರೀಟ್‌ಮೆಂಟ್ ಮುಂದಕ್ಕೆ ಹಾಕಿದ್ರು, ಕದ್ದು ಮಾತ್ರೆ ನುಂಗ್ತೀರಾ ಅಂತ ಕೇಳಿದ್ರು. ಇಲ್ಲ ಅಂದೆ. ಇಷ್ಟು ವರ್ಷದಲ್ಲಿ ಅಪರೂಪಕ್ಕೆ ನಿಜ ಹೇಳಿದ್ದೆ, ಯಾರೂ ನಂಬಲಿಲ್ಲ.

"ಪಪ್ಪಾ, ಬಸ್, ಮಜಾಕ್ ಸಾಕು," ಅಂದ್ಳು ಶ್ವೇತಾ. "ಸಚ್ ಹೇಳಿ."

ಸುಮತಿ ನಡುವೆ ಬಾಯಿ ಹಾಕಿದ್ಳು.

"ಅವರಲ್ಲ, ನಾನು. ಕಷಾಯಕ್ಕೆ ಪುಡಿ ಮಾಡಿ ಹಾಕ್ತಿದ್ದೆ. ಅರ್ಧ ಮಾತ್ರೆ ಏನು ಮಾಡೀತು ಅಂತ."

"ಯಾಕೆ ಮಾರಾಯ್ತಿ?"

"ನೀವು ಗೋಡೆ ನೋಡ್ಕೊಂಡು ಕೂರ್ತಿದ್ರಿ. ಬೈದ್ರೂ ತಿರುಗಿ ಒಂದು ಮಾತಿಲ್ಲ. ನಂಗೆ ಹೆದರಿಕೆ ಆಯ್ತು."

ಶ್ವೇತಾ ಅದನ್ನ ಡಾಕ್ಟರಮ್ಮನಿಗೆ ಹಿಂದಿಯಲ್ಲಿ ಹೇಳ್ತಾ ಅಮ್ಮನ ಕೈ ಹಿಡ್ಕೊಂಡ್ಳು.

ಮತ್ತೆ ಶುರುವಿಂದ ಮಾತ್ರೆ ಬಂದ್. ಮತ್ತೆ ಅದೇ ಚಳಿ, ಅದೇ ಗೋಡೆ. ಈ ಸಲ ಸುಮತಿ ಪಕ್ಕದಲ್ಲಿ ಕೂತು ನನ್ನ ಜೋಕುಗಳನ್ನೇ ನನಗೆ ಹೇಳಿದ್ಳು. ಒಂದೂ ಸರಿ ಹೇಳ್ಲಿಲ್ಲ. ಟಿಎಸ್‌ಎಚ್ ಚೆನ್ನಾಗಿ ಏರಿತು. ಒಂಟಿ ರೂಮಲ್ಲಿ ಕೂರಿಸಿ ಅಯೋಡಿನ್ ಕೊಟ್ರು. ಈಗ ಮಾತ್ರೆ ಸ್ವಲ್ಪ ಜಾಸ್ತಿಯೇ, ಆ ಬೆಲ್ ಇನ್ನು ಯಾರೂ ಒತ್ತಬಾರದು ಅಂತ. ಅದನ್ನ ಬಾರಿಸಿದ್ರೆ ಕ್ಯಾನ್ಸರ್ ಕೋಶ ಬೆಳೀಲಿಕ್ಕೂ ಹುರುಪಂತೆ.

ಮುಂದಿನ ಸ್ಕ್ಯಾನ್ ಕ್ಲೀನ್ ಬಂತು. ಹಾಗಾದ್ರೆ ಇವತ್ತೇ ಬಂಗುಡೆ ಮೀನು ತಿನ್ನಬಹುದಲ್ಲ ಅಂತ ಡಾಕ್ಟರಮ್ಮನ್ನ ಕೇಳಿದೆ. ಎಲ್ಲರೂ ನಕ್ಕರು.

ನಾನು ಹೇಳಿದ್ದರಲ್ಲಿ ಸುಳ್ಳು ಅದೊಂದೇ. ಬಂಗುಡೆ ಜೋಕು ನಂಗೆ ಮನೆಗೆ ಬಂದ ಮೇಲೆ ಹೊಳೆದದ್ದು. ಡಾಕ್ಟರಮ್ಮನ ಮುಂದೆ ನನ್ನ ಬಾಯಿಂದ ಒಂದು ಮಾತೂ ಹೊರಡಲಿಲ್ಲ, ಸುಮ್ಮನೆ ಸುಮತಿಯ ಸೆರಗು ಹಿಡ್ಕೊಂಡು ಅತ್ತೆ. ಅವಳಿಗೆ ಈ ಸಲ ಹೆದರಿಕೆ ಆಗಲಿಲ್ಲ.