ನಿಂತಾಗ ಸೋರದ ವ್ಯಾನು

ಕಳೆದ ವಾರ ಕೊಡ ಉರುಳಿ ನಮ್ಮ ಮನೆಯ ಹಾಸಿಗೆ ನೆನೆಯಿತು. ಬಿಸಿಲಿಗೆ ಹಾಕಿ ಮಗುಚುವಾಗ ಒದ್ದೆ ತೆಂಗಿನ ನಾರಿನ ಮುಗ್ಗಲು ವಾಸನೆ ಮೂಗಿಗೆ ಬಡಿಯಿತು. ಅದು ನನ್ನನ್ನು ಸೀದಾ ಶಿಕಾರಿಪುರದ ಒಂದು ಹಳೇ ವ್ಯಾನಿನೊಳಗೆ ಕೂರಿಸಿತು...

ಡಿಗ್ರಿ ಓದುವಾಗ ಅಲ್ಲಿ ಒಂದು ಮನೆಯ ಹಿಂದಿನ ಕೋಣೆಯಲ್ಲಿ ಬಾಡಿಗೆಗಿದ್ದೆ. ಸೊರಬದ ಕಡೆಯ ನಮ್ಮ ಮನೆತನದಲ್ಲಿ ಕಾಲೇಜು ಕಂಡವಳು ನಾನೇ ಮೊದಲು. ಇದನ್ನು ಹೇಳಿಕೊಳ್ಳಲು ನನಗೆ ಇವತ್ತಿಗೂ ಸಂಕೋಚವಿಲ್ಲ. ಮನೆಯ ಯಜಮಾನತಿಯನ್ನು ದೊಡ್ಡಮ್ಮ ಎನ್ನುತ್ತಿದ್ದೆ. ಗರ್ಭಕೋಶದ ಆಪರೇಷನ್ ಆದಮೇಲೆ ಅವರಿಗೆ ಮೂತ್ರ ತಡೆದುಕೊಳ್ಳಲು ಆಗುತ್ತಿರಲಿಲ್ಲ. ಬಸ್ಸು ಹತ್ತುವುದನ್ನೇ ಬಿಟ್ಟಿದ್ದರು. ಕುಬಟೂರಿನ ತಂಗಿಯ ಮನೆಗೂ ಹೋಗದೆ ವರ್ಷಗಳಾಗಿದ್ದವು. ಯಾರಾದರೂ ಕರೆದರೆ, "ಎಮ್ಮೆ ಹಾಲು ಕರೆಯೋರಿಲ್ಲ" ಎಂದುಬಿಡುತ್ತಿದ್ದರು. ಆ ಮನೆಯಲ್ಲಿ ಎಮ್ಮೆಯೇ ಇರಲಿಲ್ಲ.

ಲಾರಿ ಓಡಿಸಿ ಸಾಕಾಗಿ ಮನೆ ಹಿಡಿದಿದ್ದ ದೊಡ್ಡಪ್ಪ, ಹೆಂಡತಿಗಾಗಿಯೇ ಹಳೇ ವ್ಯಾನೊಂದನ್ನು ತಂದರು. ಒಳಗೆ ನಾರಿನ ಹಾಸಿಗೆಯ ಉದ್ದ ಸೀಟು, ಪರದೆಯ ಹಿಂದೆ ಕಮೋಡು, ಪುಟ್ಟ ಸಿಂಕು, ಸೀಟಿನ ಹಿಂಬದಿ ಹಲಗೆಯ ಮೇಲೆ ನೀರಿನ ಟ್ಯಾಂಕು. ಓಣಿಯವರೆಲ್ಲ ಬಂದು ನೋಡಿಹೋದರು.

ಮೊದಲ ಸಲ ಕುಬಟೂರಿಗೆ ಹೋದಾಗ ನಾನೂ ಜೊತೆಗಿದ್ದೆ, ಮುಂದಿನ ಸೀಟಿನಲ್ಲಿ. ತಂಗಿಯ ಮನೆಯ ಅಂಗಳದಲ್ಲಿ ದೊಡ್ಡಮ್ಮ ಇಳಿದಾಗ ಸೀರೆಯ ಹಿಂಭಾಗ ಪೂರ್ತಿ ಒದ್ದೆ. ಕೂತಿದ್ದ ಹಾಸಿಗೆಯೂ ಒದ್ದೆ. ಹೆಂಗಸರು ಒಬ್ಬರ ಮುಖ ಒಬ್ಬರು ನೋಡಿಕೊಂಡರು. ತಂಗಿ ಒಳಗಿನಿಂದ ಒಣ ಸೀರೆ ತಂದು ಕೈಗಿಟ್ಟರು. ಯಾರೂ ಏನೂ ಕೇಳಲಿಲ್ಲ... ಕೇಳಿದ್ದರೇ ಚೆನ್ನಾಗಿತ್ತು.

ಟ್ಯಾಂಕೇ ಸೋರಿರಬೇಕೆಂದು ದೊಡ್ಡಪ್ಪ ದಿನಾ ಮನೆ ಮುಂದೆ ನೀರು ತುಂಬಿಸಿ, ಪೈಪಿನ ಉದ್ದಕ್ಕೂ ಬೆರಳಾಡಿಸಿ ನೋಡುತ್ತಿದ್ದರು. ಒಂದು ಹನಿಯೂ ಇಲ್ಲ. ಅನುಮಾನಕ್ಕೆ ಕಂಡಕಂಡಲ್ಲಿ ಅಂಟು ಮೆತ್ತಿದರು. ವ್ಯಾನು ಒಣಗಿದ್ದಷ್ಟೂ ದೊಡ್ಡಮ್ಮನ ಮುಖ ಸಣ್ಣದಾಗುತ್ತಿತ್ತು. ಗಾಡಿ ಸೋರಿಲ್ಲ ಎಂದರೆ ಇನ್ನೇನರ್ಥ?

"ನಂಗೇ ಗೊತ್ತಾಗ್ಲಿಲ್ಲ ಕಣೇ," ಎಂದರು ಒಮ್ಮೆ, ಅಕ್ಕಿ ಆರಿಸುತ್ತ. "ಮೈಮೇಲೆ ಅಷ್ಟೂ ಖಬರು ಇಲ್ದಂಗಾತಾ ನಂಗೆ?"

ಅಷ್ಟರಲ್ಲಿ ತಂಗಿಯ ಮಗಳಿಗೆ ಕುಬುಸ ಮಾಡುವುದೆಂದು ಗೊತ್ತಾಯಿತು. ಚೊಚ್ಚಲ ಬಸುರಿ, ಸ್ವಂತ ದೊಡ್ಡಮ್ಮ ಬಳೆ ತೊಡಿಸದಿದ್ದರೆ ಹೇಗೆ? ಇವರು ಹೋಗುವುದಿಲ್ಲವೆಂದು ಹಟ ಹಿಡಿದರು. ನಾನು ತಡೆಯಲಾರದೆ, "ದೊಡ್ಡಪ್ಪಾ, ನೀವು ನೋಡ್ತಿರೋದು ನಿಂತ ಗಾಡಿ. ದೊಡ್ಡಮ್ಮ ಕೂತಿದ್ದು ಓಡೋ ಗಾಡೀಲಿ ಅಲ್ವಾ?" ಎಂದೆ.

ದೊಡ್ಡಮ್ಮ ಎದ್ದು ಬಚ್ಚಲಿಗೆ ಹೋಗಿ, ಬಟ್ಟೆಗೆ ಹಾಕುವ ನೀಲಿಯ ಬಾಟಲಿ ತಂದರು. "ಇದನ್ನ ಟ್ಯಾಂಕಿಗೆ ಸುರೀರಿ. ನಂದೋ ಗಾಡೀದೋ, ಇವತ್ತು ಇತ್ಯರ್ಥ ಆಗ್ಲಿ."

ಕೆನೆ ಬಣ್ಣದ ಹಳೇ ಸೀರೆ ಉಟ್ಟು ಅದೇ ಜಾಗದಲ್ಲಿ ಕೂತರು. ನಾನು ಟ್ಯಾಂಕಿನ ಪಕ್ಕ ಕೂತೆ. ಅಂಜನಾಪುರ ಡ್ಯಾಮಿನ ದಾರಿಯ ಒಂದು ತಿರುವಿನಲ್ಲಿ ಟ್ಯಾಂಕು ಜರುಗಿತು. ಅದರ ಬಾಯಿಗೆ ಕೂಡಿಸಿದ್ದ ಗಟ್ಟಿ ಪೈಪು ಜಗ್ಗಿ ಸಂದಿ ಬಿಟ್ಟಿತು. ಒಂದು ನೀಲಿ ಗೆರೆ ಹಲಗೆ ಇಳಿದು ಹಾಸಿಗೆಯೊಳಗೆ ಮಾಯವಾಯಿತು. ಗಾಡಿ ನೆಟ್ಟಗಾಗುತ್ತಲೇ ಸಂದಿಯೂ ಮುಚ್ಚಿಕೊಂಡಿತು.

ಡ್ಯಾಮಿನ ಹತ್ತಿರ ಇಳಿದು ದೊಡ್ಡಮ್ಮ ಸೀರೆಯ ಹಿಂದಕ್ಕೆ ಕೈ ಒತ್ತಿ ನೋಡಿಕೊಂಡರು. ಅಂಗೈ ನೀಲಿ.

"ನೋಡ್ರೀ! ಉಚ್ಚೆ ಹೊಯ್ದದ್ದು ನಿಮ್ಮ ಗಾಡಿ, ನಾನಲ್ಲ!"

ದಾರಿಹೋಕರು ತಿರುಗಿ ನೋಡಿದರು. "ಮೆಲ್ಲಗೆ ಅನ್ನೇ ಮಾರಾಯ್ತಿ," ಎಂದರು ದೊಡ್ಡಪ್ಪ.

"ಯಾಕ್ ಮೆಲ್ಲಗೆ? ಮೆಲ್ಲಗೆ ಅತ್ತಿದ್ದು ಸಾಕು."

ರಿಪೇರಿ ದೊಡ್ಡದೇನಿರಲಿಲ್ಲ. ಗಟ್ಟಿ ಪೈಪನ್ನು ಕತ್ತರಿಸಿ, ನಡುವೆ ಗೇಣುದ್ದ ರಬ್ಬರ್ ಪೈಪು ಕೂಡಿಸಿ, ಎರಡೂ ತುದಿಗೆ ಕ್ಲಿಪ್ಪು ಬಿಗಿದೆವು. ಟ್ಯಾಂಕು ಜರುಗದಂತೆ ಪಟ್ಟಿ ಕಟ್ಟಿದೆವು. ಮತ್ತೆ ಅದೇ ತಿರುವು ಸುತ್ತಿ ಬಂದಾಗ ಪೈಪಿನಿಂದ ಹನಿಯೂ ಜಾರಿರಲಿಲ್ಲ.

ಕುಬುಸದ ದಿನ ರೇಷ್ಮೆ ಸೀರೆಯನ್ನು ಚೀಲದಲ್ಲಿಟ್ಟುಕೊಂಡು, ನೀಲಿ ಕಲೆಯ ಸೀರೆಯನ್ನೇ ಉಟ್ಟು ಹೊರಟರು. ಅಂಗಳದಲ್ಲಿ ಇಳಿದವರೇ ಹೆಂಗಸರಿಗೆ ಬೆನ್ನು ತಿರುಗಿಸಿ ನಿಂತರು.

"ಸರಿಯಾಗಿ ನೋಡ್ಕಳ್ರೇ. ಟ್ಯಾಂಕಿಗೆ ನೀಲಿ ಸುರ್ದು ನೋಡಿದ್ವಿ. ಅವತ್ತಿಂದೂ ಟ್ಯಾಂಕಿನ ನೀರೇ. ನಂದಾದ್ರೆ ನೀಲಿ ಬರ್ತಿತ್ತಾ?"

ಮೊದಲು ನಕ್ಕವಳು ಆ ಬಸುರಿ ಹುಡುಗಿ. ತಂಗಿ ಓಡಿಬಂದು ಕೈ ಹಿಡಿದು, "ನಾನಾದ್ರೂ ಕೇಳ್ಬೇಕಿತ್ತು ಅಕ್ಕಾ," ಎಂದರು. ದೊಡ್ಡಮ್ಮ ರೇಷ್ಮೆ ಉಟ್ಟು ಬಳೆ ತೊಡಿಸಿದರು. ನಡುನಡುವೆ ಎದ್ದು ವ್ಯಾನಿಗೆ ಹೋಗಿ ಬಂದರು, ಯಾರಿಗೂ ನೆಪ ಹೇಳದೆ.

ಆಮೇಲೆ ಆ ವ್ಯಾನು ಊರೂರು ಸುತ್ತಿತು. ನಾನು ಪಾಸಾದದ್ದನ್ನು ನಮ್ಮವ್ವನಿಗೆ ಮೊದಲು ಹೇಳಿದ್ದೂ ದೊಡ್ಡಮ್ಮನೇ. ನಾನು ಇಳಿಯುವುದರೊಳಗೆ ಕಿಟಕಿಯಿಂದಲೇ ಕೂಗಿಬಿಟ್ಟಿದ್ದರು...

ಅವರು ತೀರಿಕೊಂಡು ವರ್ಷಗಳಾದವು. ವ್ಯಾನು ಯಾರ ಪಾಲಾಯಿತೋ ತಿಳಿಯದು. ನಾನೀಗ ಸೊರಬದ ಹತ್ತಿರ ಹೈಸ್ಕೂಲಿನಲ್ಲಿ ವಿಜ್ಞಾನ ಕಲಿಸುತ್ತೇನೆ. ಈ ವಾರ ಮಕ್ಕಳನ್ನು ಗುಡವಿಗೆ ಹಕ್ಕಿ ತೋರಿಸಲು ಕರೆದೊಯ್ಯಬೇಕು. ಬಿಸಿಯೂಟ ಮಾಡುವ ಅಕ್ಕ ಪ್ರತಿ ಸಲದಂತೆ, "ನಾ ಬರಲ್ಲ ಮೇಡಂ, ಮನೇಲಿ ಕೆಲ್ಸ," ಎಂದರು. ಅವರನ್ನು ಪಕ್ಕಕ್ಕೆ ಕರೆದು, ಬಸ್ಸನ್ನು ನಡುವೆ ಎಲ್ಲಾದರೂ ನಿಲ್ಲಿಸಬೇಕೇ ಎಂದು ಕೇಳಿಯೇಬಿಟ್ಟೆ. ಇದನ್ನು ಹೇಳಿ ನಗಲು ದೊಡ್ಡಮ್ಮ ಇಲ್ಲವಲ್ಲ ಎನಿಸಿತು.

ಅಕ್ಕ ಅತ್ತಿತ್ತ ನೋಡಿ ಸೆರಗಿಗೆ ಕೈ ಒರೆಸಿಕೊಂಡರು. ಆಮೇಲೆ, "ದಾರೀಲಿ ಒಂದ್ಕಡೆ ನಿಲ್ಸಿದ್ರೆ ಸಾಕು ಮೇಡಂ. ಬರ್ತೀನಿ," ಎಂದರು.