ಲಿಬ್ಬಿಯ ಮೂರು ಬುಧವಾರ

ಲಿಬ್ಬಿ ವೊಂದ್ರಾಚೆಕ್‌ಳ ಮನೆಯಲ್ಲಿ ಯಾರೂ ಜೋರಾಗಿ ಉಸಿರು ಬಿಡುವಂತಿಲ್ಲ. ಸೀನಿದರಂತೂ ಮುಗಿಯಿತು, ಮೇಜಿನ ಮೇಲಿನ ಹೆಬ್ಬಾತಿನ ಗರಿಗಳೆಲ್ಲ ಮೇಲೆದ್ದು, ಗಾಳಿಯಲ್ಲಿ ಓಲಾಡಿ, ಯಾವ ಅವಸರವೂ ಇಲ್ಲದೆ ಇಳಿಯುತ್ತವೆ. ಅವು ಇಳಿಯುವ ತನಕ ಮಾತು ನಿಂತಿರುತ್ತದೆ. ಗರಿಯ ದಂಟಿನಿಂದ ಮೆತ್ತನೆಯ ಭಾಗ ಬಿಡಿಸಿ ಹೊದಿಕೆಗೆ ತುಂಬುವುದು ಅವಳ ಕೆಲಸ. ಅಮೆರಿಕದ ನೆಬ್ರಾಸ್ಕಾದಲ್ಲಿ ಚೆಕ್ ವಲಸಿಗರು ಕಟ್ಟಿದ ನಮ್ಮ ಈ ಊರಿನ ಮದುವಣಗಿತ್ತಿಯರೆಲ್ಲ ಅವಳು ತುಂಬಿಕೊಟ್ಟ ಹೊದಿಕೆಯಡಿ ಮಲಗಿದವರೇ, ನಾನೂ ಸೇರಿ. ಹರೆಯದಲ್ಲಿ ಅವಳು ತನ್ನ ಮದುವೆಗೆಂದು ಮಾಡಿಕೊಂಡ ಮೊದಲ ಹೊದಿಕೆ ಮಾತ್ರ ಇವತ್ತಿಗೂ ಪೆಟ್ಟಿಗೆಯಲ್ಲೇ ಇದೆ.

ಕಾರಣ ಊರಿಗೆಲ್ಲ ಗೊತ್ತು. ಆಗ ಮದುವೆಗೆ ಮುಂಚೆ ಮೂರು ಭಾನುವಾರ ಪಾದ್ರಿಗಳು ಇಗರ್ಜಿಯಲ್ಲಿ ಗಂಡು ಹೆಣ್ಣಿನ ಹೆಸರು ಓದುತ್ತಿದ್ದರು. ಅಡ್ಡಿ ಗೊತ್ತಿದ್ದವರು ಬಂದು ಹೇಳಬೇಕು. ಲಿಬ್ಬಿ ಮತ್ತು ವೆನ್ಸಲ್‌ರ ಹೆಸರು ಎರಡು ಭಾನುವಾರ ಓದಿದ್ದಾಯಿತು. ಮೂರನೆಯದಕ್ಕೆ ಮುಂಚೆ ಅವಳ ಅಣ್ಣ ಲುಮಿರ್ ಪಾದ್ರಿಗಳ ಬಳಿ ಹೋಗಿ, ವೆನ್ಸಲ್‌ಗೆ ಓಮಾಹಾ ಪಟ್ಟಣದಲ್ಲಿ ಆಗಲೇ ಒಬ್ಬಳು ಹೆಂಡತಿ ಇದ್ದಾಳಂತೆ ಎಂದ. ಹೆಂಡತಿಯೂ ಇಲ್ಲ, ಮಣ್ಣೂ ಇಲ್ಲ; ಯಾರೋ ಕುಡಿದು ಆಡಿದ ಮಾತು. ಅದು ಸುಳ್ಳೆಂದು ತಿಳಿಯುವಷ್ಟರಲ್ಲಿ ವೆನ್ಸಲ್ ಅವಮಾನ ತಾಳದೆ ಊರು ಬಿಟ್ಟಿದ್ದ. ಅಂದಿನಿಂದ ಅಣ್ಣ ತಂಗಿ ಒಂದೇ ರಸ್ತೆಯಲ್ಲಿ ಎದುರಾದರೂ ಮಾತಿಲ್ಲ. ನನ್ನನ್ನು ಕೇಳಿದರೆ, ಲುಮಿರ್‌ಗೆ ಅದು ಕಡಿಮೆಯೇ ಆಯಿತು.

ಈ ಚಳಿಗಾಲದಲ್ಲಿ ಓಮಾಹಾದ ಅಂಗಡಿಯೊಂದು ಲಿಬ್ಬಿಯ ಹೊದಿಕೆಗಳನ್ನೆಲ್ಲ ಕೊಳ್ಳಲು ಮುಂದೆ ಬಂತು, ಆದರೆ ಕಂಪನಿಯಿಂದ ಮಾತ್ರ ಕೊಳ್ಳುತ್ತಾರಂತೆ. ಅವಳು ಕಂಪನಿ ಕಟ್ಟಿದಳು. ಹಾಗೆ ಕಟ್ಟಿದವರು ಮೂರು ವಾರ ಬಿಡದೆ ಊರ ಪತ್ರಿಕೆಯಲ್ಲಿ ಪ್ರಕಟಣೆ ಕೊಡಬೇಕೆಂಬುದು ನಮ್ಮ ರಾಜ್ಯದ ಕಾನೂನು. ಬುಧವಾರ ಬುಧವಾರ ಹೊರಬರುವ ನಮ್ಮ ಪತ್ರಿಕೆಗೆ ಪ್ರಕಟಣೆ ಬರೆದುಕೊಳ್ಳುವವಳು ನಾನೇ. ತಲೆಗೆ ಬಟ್ಟೆ ಕಟ್ಟಿಕೊಂಡು ಬಂದು ಲಿಬ್ಬಿ ನನ್ನೆದುರು ಕೂತಳು.

"ಮಾರ್ಸೆಲಾ, ಈ ಕಾಗದದಲ್ಲಿರೋ ಸೀಮಿತ ಹೊಣೆಗಾರಿಕೆ ಅಂದ್ರೆ ಏನೇ?"

"ಕಂಪನಿ ಮುಳುಗಿದ್ರೆ ಕಂಪನಿ ಮಾತ್ರ ಮುಳುಗುತ್ತೆ. ನಿನ್ನ ಮನೆಗೆ ಯಾರೂ ಕೈ ಹಾಕೋ ಹಾಗಿಲ್ಲ."

"ನನ್ನ ಕಾಲದಲ್ಲಿ ಮದುವೆಗೂ ಹಂಗೊಂದು ಇರಬೇಕಿತ್ತು ನೋಡು."

ಕಂಪನಿಯ ಹೆಸರು ಕೇಳಿದೆ. ಅವಳು ಕಿಟಕಿಯಾಚೆ ನೋಡುತ್ತ, "ಮೂರನೆಯ ಭಾನುವಾರ" ಎಂದಳು. ನನ್ನ ಪೆನ್ನು ಅಲ್ಲೇ ನಿಂತಿತು.

"ಊರವರು ಓದ್ತಾರೆ, ಲಿಬ್ಬಿ."

"ಓದ್ಲಿ ಅಂತಾನೇ ಅಲ್ವಾ ಹಾಕೋದು? ಮೂರು ಸಲ ಓದೋದು, ತಕರಾರು ಇದ್ದೋರು ಬಂದು ಹೇಳೋದು."

"ಅಯ್ಯೋ, ಇದು ಇಗರ್ಜಿ ಅಲ್ಲ ಕಣೇ. ಯಾರೂ ತಕರಾರು ಮಾಡೋ ಹಾಗಿಲ್ಲ. ಸುಮ್ನೆ ಜನಕ್ಕೆ ತಿಳಿಸೋದು, ಅಷ್ಟೇ."

"ಸುಮ್ನೆ ತಿಳಿಸೋಕೆ ಮೂರು ಸಲ ಯಾಕೆ ಬೇಕು? ಒಂದು ಸಲ ಸಾಲ್ದಾ?"

ಮೂರೇ ಯಾಕೆಂದು ಕಾನೂನು ಮಾಡಿದವರಿಗೂ ಗೊತ್ತಿತ್ತೋ ಇಲ್ಲವೋ. ಅವಳು ಎದ್ದು ನಿಂತು, ತಗ್ಗಿದ ದನಿಯಲ್ಲಿ ಇಷ್ಟು ಹೇಳಿದಳು: "ಲುಮಿರ್ ಬಂದು ಬೇಡ ಅಂದ್ರೆ ನಾನು ಬಿಟ್ಬಿಡ್ತೀನಿ, ಮಾರ್ಸೆಲಾ. ಇನ್ನೊಂದು ಸಲ ಜಗಳ ಆಡೋ ಶಕ್ತಿ ನನಗಿಲ್ಲ."

ಮೊದಲ ಬುಧವಾರ ಅವಳು ಗಸಗಸೆ ತುಂಬಿದ ಕೊಲಾಚಿ ಎಂಬ ಸಿಹಿ ಬನ್ನು ಬೇಯಿಸಿ, ಕಾಫಿ ಇಟ್ಟುಕೊಂಡು, ತಕರಾರಿನವರಿಗಾಗಿ ಬಾಗಿಲು ನೋಡುತ್ತ ಕೂತಳು. ಪಕ್ಕದ ಮನೆಯವಳು ದಿಂಬು ಕೇಳಲು ಬಂದಾಗ ಲಿಬ್ಬಿಯ ಮುಖ ಬಿಳಿಚಿಕೊಂಡಿತಂತೆ. ಎರಡನೆಯ ಬುಧವಾರ ಹೊಸ ಪಾದ್ರಿಗಳೇ ಬಂದರು. ಅವರು ಹೊಟ್ಟೆ ತುಂಬ ಕೊಲಾಚಿ ತಿಂದು, ಹವೆಯ ಬಗ್ಗೆ ಮಾತಾಡಿ ಹೋದರು.

ಮೂರನೆಯ ಬುಧವಾರ ಪತ್ರಿಕೆಯನ್ನು ನಾನೇ ಒಯ್ದೆ. ಗಾಳಿಯೇ ಇಲ್ಲದ ಮಧ್ಯಾಹ್ನ. ಹಿಮ ಬೀಳುತ್ತಿತ್ತು, ಆಕಾಶದಲ್ಲೂ ಯಾರೋ ಕೂತು ಗರಿ ಬಿಡಿಸುತ್ತಿದ್ದಾರೇನೋ ಅನ್ನಿಸುವಷ್ಟು ನಿಧಾನವಾಗಿ. ರಸ್ತೆ, ಬೇಲಿ, ಹೊಲ ಎಲ್ಲ ಒಂದರೊಳಗೊಂದು ಕರಗಿ, ನಾನು ನಡೆಯುತ್ತಿದ್ದೇನೋ ನಿಂತಿದ್ದೇನೋ ತಿಳಿಯುತ್ತಿರಲಿಲ್ಲ. ಲಿಬ್ಬಿಯ ಗೇಟಿನೆದುರು ಒಂದು ಟ್ರಕ್ಕು ನಿಂತಿತ್ತು. ಒಳಗೆ ಲುಮಿರ್.

ನನಗೆ ಮೈಯೆಲ್ಲ ಉರಿದುಹೋಯಿತು. ಇಷ್ಟು ವರ್ಷವಾದ ಮೇಲೂ ಈ ಮುದುಕನಿಗೆ ಬುದ್ಧಿ ಬರಲಿಲ್ಲವೇ ಅಂದುಕೊಂಡು ಒಳಗೆ ಹೋದೆ. ಲಿಬ್ಬಿ ಕಿಟಕಿಯ ಬಳಿ ನಿಂತಿದ್ದಳು.

"ಬೆಳಿಗ್ಗೆಯಿಂದ ಇದಾನೆ. ಇಳೀತಾನೂ ಇಲ್ಲ, ಹೋಗ್ತಾನೂ ಇಲ್ಲ. ಹೇಳೋದಿದ್ರೆ ಹೇಳಿ ಹೋಗ್ಲಿ."

ಕೋಟನ್ನೂ ಹಾಕಿಕೊಳ್ಳದೆ ಹೊರಗೆ ನಡೆದಳು. ನಾನು ಅವಳ ಕೋಟು ಹಿಡಿದು ಹಿಂದೆ ಓಡಿದೆ. ಲುಮಿರ್ ಗಾಜು ಇಳಿಸಿದ.

"ಏನು ತಕರಾರು ನಿಂದು? ಹೇಳು" ಎಂದಳು ಲಿಬ್ಬಿ.

"ನಂದೇನಿಲ್ಲ."

"ಮತ್ತೆ ಇಲ್ಲಿ ಯಾಕೆ ಕೂತಿದೀಯ?"

ಅವನು ಸ್ಟೇರಿಂಗ್ ಮೇಲಿನ ತನ್ನ ಕೈಗಳನ್ನೇ ನೋಡುತ್ತಿದ್ದ. "ಯಾರಾದ್ರೂ ತಕರಾರು ಅಂತ ಬಂದ್ರೆ ತಿರುಗಿಸಿ ಕಳಿಸೋಣ ಅಂತ. ಮೂರು ವಾರಾನೂ ಬಂದೆ. ಮೊದಲೆರಡು ಸಲ ಆ ಕಣಜದ ಹಿಂದೆ ನಿಲ್ಲಿಸಿದ್ದೆ, ನೀನು ನೋಡ್ತೀಯ ಅಂತ." ತಲೆ ಎತ್ತಿ, "ಕಂಪನಿ ಹೆಸರು ಓದಿದೆ, ಲಿಬ್ಬಿ. ಆವತ್ತು ನಾನು ಬಾಯಿ ಬಿಟ್ಟಿದ್ದು ತಪ್ಪು. ಇಷ್ಟು ವರ್ಷ ಬಾಯಿ ಬಿಡದೆ ಇದ್ದಿದ್ದು ಅದಕ್ಕಿಂತ ತಪ್ಪು" ಎಂದ.

ತಕರಾರು ಮಾಡಲು ಯಾರಿಗೂ ಅಧಿಕಾರವಿಲ್ಲ, ಈ ಕಾವಲೆಲ್ಲ ದಂಡ ಎಂಬ ಮಾತು ನನ್ನ ನಾಲಿಗೆಯ ತುದಿಯಲ್ಲಿತ್ತು. ಜೀವನದಲ್ಲಿ ಅಪರೂಪಕ್ಕೊಮ್ಮೆ ನಾನು ಅದನ್ನು ನುಂಗಿಕೊಂಡೆ.

ಲಿಬ್ಬಿ ರಸ್ತೆಯ ಎರಡೂ ಕಡೆ ನೋಡಿದಳು. ಅವಳ ಕೂದಲಲ್ಲಿದ್ದದ್ದು ಗರಿಯೋ ಹಿಮವೋ ಗೊತ್ತಾಗುತ್ತಿರಲಿಲ್ಲ. ಕೊನೆಗೆ, "ಇವತ್ತು ಪೂರ್ತಿ ಮುಗಿಬೇಕಲ್ಲ?" ಎಂದಳು.

"ಹೂಂ. ಕತ್ತಲಾಗೋ ತನಕ ಯಾರಾದ್ರೂ ಬರಬಹುದು" ಎಂದ ಲುಮಿರ್.

ಅವಳು ನನ್ನ ಕೈಯಿಂದ ಕೋಟು ತೆಗೆದುಕೊಂಡು ಟ್ರಕ್ಕನ್ನು ಸುತ್ತಿ ಬಂದು, ಆ ಬದಿಯ ಬಾಗಿಲು ತೆಗೆದು ಅಣ್ಣನ ಪಕ್ಕ ಕೂತಳು. "ಸರಿದು ಕೂರೋ ಸ್ವಲ್ಪ. ಮಾರ್ಸೆಲಾ, ಆ ಕೊಲಾಚಿ ತಟ್ಟೆ ಇಲ್ಲಿಗೇ ತಂದುಕೊಡ್ತೀಯಾ?"

ತಂದುಕೊಟ್ಟೆ. ಇಬ್ಬರೂ ನಡುವೆ ತಟ್ಟೆ ಇಟ್ಟುಕೊಂಡು, ಯಾರೂ ಬಾರದ ಆ ಬಿಳಿ ರಸ್ತೆಯನ್ನು ಕತ್ತಲಾಗುವ ತನಕ ಕಾಯುತ್ತ ಕೂತಿದ್ದರು.